ಅಳದ ತವರದ ಕಡ್ಡಿ

ಮುದ್ದೆ ಇನ್ನೂ ಅರ್ಧ ಮುಗಿದಿರಲಿಲ್ಲ, ಅಷ್ಟರಲ್ಲಿ ವೀಣ ಮಾತು ತೆಗೆದಳು.

"ಮಾವ, ಕುಲುಮೆಯಿಂದ ಒಂದಷ್ಟು ಚೂರು ಬೇಕಿತ್ತು. ತಾಮ್ರ, ಸತು, ಸೀಸ, ತವರ. ಹುಣಸೆಬೀಜದಷ್ಟಿದ್ರೆ ಸಾಕು."

ಕಾಳಪ್ಪ ತಲೆ ಎತ್ತಲಿಲ್ಲ. ವೀಣ ದನಿ ಏರಿಸಿ ಇನ್ನೊಮ್ಮೆ ಹೇಳಿದಳು.

"ಯಾರಿಗಂತೆ?"

"ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ."

"ಐಕ್ಳು ಆಟ ಆಡಕ್ಕೆ ಕುಲುಮೆ ಸಾಮಾನಾ?"

"ಆಟಕ್ಕಲ್ಲ ಮಾವ, ಪಾಠಕ್ಕೆ. ತವರ ಅಂದ್ರೇನು ಅಂತ ಕೇಳಿದ್ರೆ ಐವತ್ತು ಅಂತವೆ. ಬರೀ ನಂಬರು. ಕೈಗೆ ಕೊಟ್ರೆ ತವರ ಯಾವ್ದು, ಸೀಸ ಯಾವ್ದು ಗೊತ್ತಾಗಲ್ಲ. ಕುಲುಮೆ ಇರೋ ಮನೇಲಿ ಹುಟ್ಟಿದ ಮೇಘನಂಗೂ ಗೊತ್ತಿಲ್ಲ."

"ಅವಳಿಗ್ಯಾಕೆ ಗೊತ್ತಾಗ್ಬೇಕು? ಹೆಣ್ಮಗಳು."

ಎದುರಿಗೆ ಕುಳಿತಿದ್ದ ಮೇಘನ ಬಾಯಲ್ಲಿದ್ದ ತುತ್ತು ನುಂಗಿ ಕೇಳಿದಳು. "ಪರೀಕ್ಷೇಲಿ ಹೆಣ್ಮಕ್ಕಳಿಗೆ ಬೇರೆ ಪ್ರಶ್ನೆ ಕೊಡ್ತಾರಾ ತಾತ?"

"ನೋಡಿದ್ರಾ ಬಾಯ?" ದೊಡ್ಡತಾಯಮ್ಮ ಸಾರಿನ ಸೌಟನ್ನು ಮೊಮ್ಮಗಳ ಕಡೆಗೇ ಚಾಚಿದಳು. "ಅವ್ವ ಮೇಷ್ಟ್ರು, ಮಗಳು ಲಾಯರ್ರು. ಪಾತ್ರೆ ತೊಳೆಯೋಳು ನಾನೊಬ್ಬಳೇ ಇವತ್ತೂನು."

ಕಿಕ್ಕೇರಿಯ ಆ ಮನೆಯ ಮುಂಭಾಗವೇ ಕುಲುಮೆ. ತಾಮ್ರ, ಹಿತ್ತಾಳೆಯ ಅಡುಗೆ ಪಾತ್ರೆಗಳಿಗೆ ತೇಪೆ ಹಾಕುವುದು, ಒಳಮೈಗೆ ಕಲಾಯಿ ಹಚ್ಚುವುದು ಕಾಳಪ್ಪನ ಕಸುಬು. ಸ್ಟೀಲು ಬಂದ ಮೇಲೆ ಮನೆಮನೆಯ ಕೆಲಸ ಕಡಿಮೆಯಾಗಿದ್ದರೂ ಮದುವೆ ಛತ್ರಗಳ ಕೊಪ್ಪರಿಗೆ, ದೇವಸ್ಥಾನಗಳ ಹಂಡೆ ಇನ್ನೂ ಬರುತ್ತಿದ್ದವು. ಪಾತ್ರೆಯನ್ನು ಇದ್ದಿಲ ಬೆಂಕಿಯಲ್ಲಿ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಸವರಿ, ಹತ್ತಿಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಗೆ ಹೊಳೆಯುತ್ತದೆ. ಆ ತೆಳು ಪದರವಿಲ್ಲದಿದ್ದರೆ ಹುಳಿ ಸೇರಿದ ಅಡುಗೆ ಕಿಲುಬಿಹೋಗುತ್ತದೆ. ಸಾಮಾನು ತರುವುದು, ಪಾತ್ರೆ ಸಾಗಿಸುವುದು, ಬೆಂಕಿ ಊದುವುದು ಮಗ ಯೋಗೇಶನ ಪಾಲು. ಹೆಂಗಸರು ಪಾತ್ರೆಗಳನ್ನು ಹುಣಸೆಹಣ್ಣು, ಮರಳು ಹಾಕಿ ಉಜ್ಜಬಹುದು, ಇದ್ದಿಲು ಜರಡಿ ಹಿಡಿಯಬಹುದು. ತವರದ ಕಡ್ಡಿ ಮುಟ್ಟುವಂತಿಲ್ಲ. ಇದು ಆ ಮನೆಯ ಕಟ್ಟಳೆ. ಯಾಕೆ ಎಂದು ದೊಡ್ಡತಾಯಮ್ಮ ಮದುವೆಯಾಗಿ ಬಂದ ದಿನದಿಂದ ಕೇಳಿರಲಿಲ್ಲ.

ಯೋಗೇಶನ ಹೆಂಡತಿ ವೀಣ ಬಿ.ಎಸ್ಸಿ., ಬಿ.ಎಡ್. ಮುಗಿಸಿದವಳು, ಊರಿನ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಪ್ರತಿ ಜೂನ್ ತಿಂಗಳಲ್ಲಿ ಮತ್ತೆ ಕರೆದರೆ ಕೆಲಸ ಉಂಟು, ಕರೆಯದಿದ್ದರೆ ಇಲ್ಲ.

"ತಾಮ್ರ, ಸತು, ಸೀಸ ತಗೊಂಡೋಗು," ಎಂದ ಕಾಳಪ್ಪ ಕೈ ತೊಳೆಯುತ್ತ. "ತವರ ಬೇಡ."

ವೀಣ ಅಷ್ಟನ್ನೇ ಕಾಗದದಲ್ಲಿ ಕಟ್ಟಿಕೊಂಡು ಹೋದಳು.

ಬಡಗಿ ಕರಿಯಪ್ಪ ಪೆಟ್ಟಿಗೆಯ ಹಳೆಯ ಹಲಗೆಗಳನ್ನು ಕೊಯ್ದು, ಆವರ್ತ ಕೋಷ್ಟಕದ ಧಾತುವಿಗೊಂದರಂತೆ ನೂರ ಹದಿನೆಂಟು ಚೌಕಗಳನ್ನು ಮಾಡಿಕೊಟ್ಟಿದ್ದ. ಅಂಗೈಯಗಲದ ಚೌಕ, ನಡುವೆ ಒಂದು ಕುಳಿ. ಕ್ಲಾಸಿನಲ್ಲಿ ಮೂವತ್ತೊಂಬತ್ತು ಮಕ್ಕಳು; ತಲೆಗೆ ಮೂರರಂತೆ ಚೀಟಿ ಎತ್ತಿದರು. ಉಳಿದ ಒಂದು ಚೀಟಿ ವೀಣಳದು. ಚೌಕವನ್ನು ಉಜ್ಜಿ ನುಣುಪು ಮಾಡಿ, ಬಣ್ಣ ಬಳಿದು, ಕುಳಿಯೊಳಗೆ ಆ ಧಾತುವಿನ ಚೂರನ್ನು ತಂತಿಯಿಂದ ಕಟ್ಟಬೇಕು. ಸಿಗದ ಧಾತುಗಳಿಗೆ ಚಿತ್ರ. ಕೆಳಗೆ ನಾಲ್ಕು ಸಾಲು: ಹೆಸರೇನು, ನಂಬರೆಷ್ಟು, ಯಾವ ಪರೀಕ್ಷೆ ಮಾಡಿ ನೋಡಿದೆ, ಎಲ್ಲಿಂದ ಬಂತು. ಪರೀಕ್ಷೆಯಲ್ಲಿ ಗೆಲ್ಲದ್ದು ಶಾಲೆಯ ವಸ್ತುಪ್ರದರ್ಶನದ ಗೋಡೆಗೆ ಹೋಗುವಂತಿಲ್ಲ. ಯಾವ ಸಾಲೂ ಖಾಲಿ ಇರುವಂತಿಲ್ಲ.

ಎರಡು ವಾರ ಕ್ಲಾಸು ಮರದ ಪುಡಿಯಿಂದ ತುಂಬಿಹೋಯಿತು.

"ಮಿಸ್, ಇವ್ನು ಖಾಲಿ ಬಾಟ್ಲಿ ತಂದು ಸಾರಜನಕ ಅಂತವ್ನೆ!"

"ಖಾಲಿ ಅಲ್ಲ ಕಣ್ಲಾ. ಐದ್ರಲ್ಲಿ ನಾಕು ಭಾಗ ಅದೇಯ."

"ಮಿಕ್ಕಿದ್ದೊಂದು ಭಾಗ?"

"ಅದು ಆಮ್ಲಜನಕ, ಇವಳ ಚೀಟೀದು. ಬೇಕಾದ್ರೆ ಅವಳೇ ಆರಿಸ್ಕಳ್ಳಿ."

"ಅದು ಗಾಳಿ," ಎಂದಳು ವೀಣ. "ಬೆರಕೆ. ಬೆರಕೆಗೆ ನಮ್ಮ ಗೋಡೆ ಮೇಲೆ ಚೌಕ ಇಲ್ಲ. ಚಿತ್ರ ಬರಿ."

ಮೇಘನಳಿಗೆ ಬಂದ ಮೂರು ಚೀಟಿಗಳಲ್ಲಿ ಒಂದು ಐವತ್ತು. ತವರ.

"ಬದಲಾಯಿಸ್ಕೊ," ಎಂದ ಕಾಳಪ್ಪ.

"ಬದಲಾಯಿಸಂಗಿಲ್ಲ ತಾತ. ಚೀಟಿ ಎತ್ತಿದ ಮೇಲೆ ಮುಗೀತು."

"ಏನಂದೆ?"

"ಬದಲಾಯಿಸಂಗಿಲ್ಲ!"

"ಅಂಗ್ಯಾಕೆ ಕೂಗಾಡೀಯೆ, ನಂಗೇನು ಕೇಳ್ಸಲ್ವಾ?"

ಎರಡು ದಿನ ಅವಳು ಶಾಲೆಯಿಂದ ಬಂದವಳೇ ಕುಲುಮೆಯ ಹೊಸ್ತಿಲಾಚೆ ಕುಳಿತಳು. ಒಳಗೂ ಹೋಗಲಿಲ್ಲ, ಎದ್ದೂ ಹೋಗಲಿಲ್ಲ. ಅಲ್ಲೇ ಹೋಂವರ್ಕು, ಅಲ್ಲೇ ಕಾಫಿ. ಮೂರನೇ ದಿನ ಕಾಳಪ್ಪ ತಗಡಿನ ಡಬ್ಬಿ ತೆರೆದು ಒಂದು ಕಡ್ಡಿ ಆರಿಸಿದ.

"ನಿಮ್ಮವ್ವನ ಪುಸ್ತಕದಲ್ಲಿ ಇದು ಇರಾಕಿಲ್ಲ, ಕೇಳು. ಸೀಸ ಬಗ್ಗಿಸು, ಸುಮ್ನಿರ್ತದೆ. ಬೆಳ್ಳಿ ಬಗ್ಗಿಸು, ಸುಮ್ನಿರ್ತದೆ. ತವರ ಬಗ್ಗಿಸಿದ್ರೆ ಅಳ್ತದೆ. ಕಿರ್ ಅಂತ, ಹಲ್ಲು ಕಡಿದಂಗೆ. ನಮ್ಮಪ್ಪ ನಂಗೆ ಮೊದ್ಲು ಕಲಿಸಿದ್ದೇ ಇದ. ಅಳದೆ ಇರೋ ತವರಾನ ಪಾತ್ರೆಗೆ ಮುಟ್ಟಿಸ್ಬೇಡ ಅಂತ."

ಕಡ್ಡಿಯನ್ನು ಬಲಗಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಎರಡೂ ಕೈಯಿಂದ ನಿಧಾನವಾಗಿ ಬಗ್ಗಿಸಿದ. ತಲೆಯಾಡಿಸಿದ.

"ಹೂಂ. ಅಳ್ತು."

ಮೇಘನಳಿಗೆ ಏನೂ ಕೇಳಿಸಿರಲಿಲ್ಲ. ದೂರ ಕುಳಿತದ್ದಕ್ಕೆ ಇರಬೇಕು ಎಂದುಕೊಂಡಳು. ಕಾಳಪ್ಪ ಕಡ್ಡಿಯನ್ನು ಕಾಗದದಲ್ಲಿ ಸುತ್ತಿ ಹೊಸ್ತಿಲ ಮೇಲಿಟ್ಟ, ಕೈಗೆ ಕೊಡಲಿಲ್ಲ.

ಮಾರನೆಯ ದಿನ ಕ್ಲಾಸಿನಲ್ಲಿ ಅವಳು ಹೆಮ್ಮೆಯಿಂದ ಎದ್ದು ನಿಂತಳು. "ಇದು ತವರ. ಬಗ್ಗಿಸಿದ್ರೆ ಅಳ್ತದೆ."

ಮೂವತ್ತೆಂಟು ಮಕ್ಕಳು ಉಸಿರು ಹಿಡಿದರು. ಕಡ್ಡಿ ಬಾಗಿತು. ಸದ್ದಿಲ್ಲ. ಇನ್ನೊಂದು ಕಡೆ ಬಗ್ಗಿಸಿದಳು. ಇಲ್ಲ.

"ಆಚಾರ್ರ ಮನೆ ತವರಕ್ಕೆ ಅಳಾದು ಮರ್ತೋಗದೆ ಕಣ್ಲಾ!" ಎಂದು ಹಿಂದಿನ ಬೆಂಚಿನವನೊಬ್ಬ ಕೂಗಿದ. ಕ್ಲಾಸು ನಕ್ಕಿತು.

ವೀಣ ನಗಲಿಲ್ಲ. ಕಡ್ಡಿಯನ್ನು ಈಸಿಕೊಂಡು ಬಿಳಿ ಹಾಳೆಯ ಮೇಲೆ ಎಳೆದಳು. ಮಸುಕಾದ ಬೂದುಗೆರೆ ಮೂಡಿತು. ತವರ ಹಾಗೆ ಗೆರೆ ಬರೆಯುವುದಿಲ್ಲ, ಸೀಸ ಬರೆಯುತ್ತದೆ. ಒಂದು ಪರೀಕ್ಷೆ ಸಾಲದೆಂದು ಅವಳು ಕಡ್ಡಿಯಿಂದ ಒಂದು ತುಂಡು ಕತ್ತರಿಸಿ ತೂಗಿದಳು. ನಲವತ್ತೈದು ಗ್ರಾಂ. ಅಳತೆಯ ಜಾಡಿಗೆ ನೀರು ಹಾಕಿ ತುಂಡನ್ನು ಮುಳುಗಿಸಿದಳು. ತವರವಾದರೆ ನೀರು ಆರು ಮಿಲಿಲೀಟರು ದಾಟಿ ಏರಬೇಕಿತ್ತು. ಬರೀ ಸೀಸವಾದರೆ ನಾಲ್ಕಕ್ಕೆ ನಿಲ್ಲಬೇಕಿತ್ತು. ಅದು ಐದರಲ್ಲಿ ನಿಂತಿತು. ಮೂರು ಸಲ ಮಾಡಿದಳು, ಮೂರು ಸಲವೂ ಐದೇ.

"ಹಾಗಾದ್ರೆ ಏನು ಮಿಸ್ ಇದು?"

"ಬೆರಕೆ. ತವರ, ಸೀಸ ಹೆಚ್ಚುಕಮ್ಮಿ ಅರ್ಧರ್ಧ." ಅವಳ ದನಿ ಎಂದಿನಂತೆಯೇ ಇತ್ತು. "ಮುಟ್ಟಿದೋರೆಲ್ಲ ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ. ಮೇಘನ, ಐವತ್ತನೇ ಚೌಕ ಸದ್ಯಕ್ಕೆ ಖಾಲಿ."

ಸಂಜೆ ವೀಣ ಮನೆಗೆ ಬಂದಾಗ ದೊಡ್ಡತಾಯಮ್ಮ ಕಲಾಯಿ ಹಚ್ಚಿದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಹಿಂಡಿ ಸಾರಿಗೆ ಇಡುತ್ತಿದ್ದಳು.

"ಅತ್ತೆ, ಆ ಪಾತ್ರೆ ಇಳಿಸಿ."

"ಯಾಕಮ್ಮಿ?"

"ಇಳಿಸಿ, ಹೇಳ್ತೀನಿ."

ಊಟಕ್ಕೆ ಎಲ್ಲರೂ ಕುಳಿತ ಮೇಲೆ ಹೇಳಿದಳು. ಸುತ್ತಿ ಬಳಸಲಿಲ್ಲ. ಯೋಗೇಶ್ ತಟ್ಟೆಯಿಂದ ಕೈ ತೆಗೆದ.

"ಸ್ಕೂಲಲ್ಲಿ ಲೋಟದ ನೀರು ನೋಡ್ಕೊಂಡು ನಮ್ಮ ಕಸುಬಿನ ತಪ್ಪು ಹೇಳ್ತೀಯಾ?"

"ಕಸುಬಿನ ತಪ್ಪಲ್ಲ. ಕಡ್ಡೀದು. ಎಲ್ಲಿ ತಂದ್ರಿ ಅದನ್ನ?"

"ಗಾಡೀಲಿ ಬತ್ತಾನಲ್ಲ, ಅವನ ಹತ್ರ. ಎರಡು ವರ್ಸದಿಂದ ಅವನ ಹತ್ರಾನೇ. ಹೊಸ ಮಾಲು, ಬೇಗ ಕರಗ್ತದೆ, ಚೆನ್ನಾಗಿ ಹರೀತದೆ ಅಂದ. ಕರಗ್ತು, ಹರೀತು. ಸಸ್ತಾನೂ ಆಯ್ತು. ನಾನ್ಯಾಕೆ ಬೇಡ ಅನ್ಲಿ?"

"ಸೀಸ ಸೇರಿದ್ರೇನೇ ಅಷ್ಟು ಬೇಗ ಕರಗೋದು."

"ಅದು ನಂಗೆಂಗೆ ಗೊತ್ತಾಗ್ಬೇಕು? ತಂದ ದಿನಾನೇ ಅಪ್ಪನ ಕೈಗೆ ಕೊಟ್ಟೆ. ಕಿವಿ ಹತ್ರ ಇಟ್ಕೊಂಡು ಹೂಂ ಅಂದ್ರು. ಆಮೇಲೆ ನಾನಿನ್ನೇನು ನೋಡ್ಲಿ?"

"ಅಳ್ತು ಕಣ್ಲಾ!" ಕಾಳಪ್ಪ ತಟ್ಟೆ ಸರಿಸಿದ. "ನಾನೇ ಕೇಳಿದ್ದೀನಿ. ಒಂದೊಂದ್ ಕಡ್ಡೀನೂ ಕೇಳಿದ್ದೀನಿ. ಐವತ್ತು ವರ್ಸದ ಕಿವಿ ಇದು. ಮೂರು ದಿನದ ಲೋಟ ತಂದು ನಂಗೆ ಹೇಳ್ಕೊಡಾಕೆ ಬತ್ತಾಳಾ?"

"ಮಾವ, ಮೇಘನ ಬಗ್ಗಿಸಿದ್ಲು, ನಾನೂ ಬಗ್ಗಿಸಿದೆ. ಕ್ಲಾಸಲ್ಲಿ ಯಾರಿಗೂ ಕೇಳಿಸಲಿಲ್ಲ."

"ಬಗ್ಗಿಸೋದು ಕಲ್ತಿಲ್ಲ ನೀವು."

ದೊಡ್ಡತಾಯಮ್ಮ ನೀರಿನ ಚೊಂಬು ಕೆಳಗಿಟ್ಟಳು.

"ಹಾಲಿನೋನು ಬಾಗಿಲಲ್ಲಿ ಗಂಟೆ ಬಡೀತಾನಲ್ಲ, ಅದು ನಿಮಗೆ ಎಷ್ಟು ದಿನದಿಂದ ಕೇಳ್ಸಿಲ್ಲ?"

"ಏನು?"

"ಅದೇಯ ನಾನು ಹೇಳ್ತಿರಾದು. ನಾನೊಂದ್ಸಲ ಕರೆದ್ರೆ ತಿರುಗಲ್ಲ, ಮೂರು ಸಲ ಕರೀಬೇಕು. ಟೀವಿ ಸದ್ದಿಗೆ ಪಕ್ಕದ ಮನೆ ಮಂಗಳಮ್ಮ ಬಂದು ಜಗಳ ಆಡಿ ಹೋದ್ಲು. ವಯಸ್ಸಾಯ್ತು, ಹೋಗ್ಲಿ ಅಂತ ನಾನೂ ಸುಮ್ನಿದ್ದೆ. ತವರ ಈ ಕಿವೀಲೇ ನೋಡ್ತೀರಿ ಅಂತ ನಂಗೆ ಹೊಳೀಲಿಲ್ಲ. ಯಾಕೆ ಹೊಳೀತದೆ? ಆ ಕಡ್ಡೀನ ನನ್ನ ಕೈಗೆ ಒಂದು ದಿನ ಕೊಟ್ಟಿದ್ರಾ?"

ಕಾಳಪ್ಪ ಎದ್ದು ಹೋದ. ಅವನ ತಟ್ಟೆಯಲ್ಲಿ ಮುದ್ದೆ ಹಾಗೇ ಇತ್ತು.

ಮರುದಿನದಿಂದ ಆ ಮನೆಯಲ್ಲಿ ಸಾರು ಸ್ಟೀಲು ಪಾತ್ರೆಯಲ್ಲಿ ಕುದಿಯಿತು. ಕಾಳಪ್ಪ ಅದನ್ನು ಮುಟ್ಟಲಿಲ್ಲ. ಮುದ್ದೆಗೆ ಮಜ್ಜಿಗೆ ಹಾಕಿಸಿಕೊಂಡ.

"ನನ್ನ ಕಲಾಯಿ ಪಾತ್ರೇಲಿ ಸಾರು ಮಾಡು, ಉಣ್ತೀನಿ."

"ಮಾಡಾಕಿಲ್ಲ," ಎಂದಳು ದೊಡ್ಡತಾಯಮ್ಮ. "ಬೇಕಾದ್ರೆ ನೀವೇ ಒಲೆ ಹಚ್ಚಿ ಕುದಿಸ್ಕಳಿ. ನಾನೂ ನೋಡ್ತೀನಿ, ಉಪ್ಪು ಎಷ್ಟು ಹಾಕ್ತೀರಿ ಅಂತ."

ವೀಣ ಅಷ್ಟಕ್ಕೆ ನಿಲ್ಲಿಸಲಿಲ್ಲ. ಹಿಂದಿನ ಎರಡು ವರ್ಷಗಳಲ್ಲಿ ಮನೆಯಲ್ಲಿ ಕಲಾಯಿ ಕಂಡ ದೊಡ್ಡ ಪಾತ್ರೆಗಳು ಯಾವುವು ಎಂದು ಯೋಗೇಶನನ್ನು ಕೇಳಿದಳು. ಅವನು ಬಟ್ಟೆ ಒಣಹಾಕುತ್ತಿದ್ದ ಅವಳ ಹಿಂದೆಯೇ ಹಿತ್ತಲಿಗೆ ಬಂದ.

"ಹೆಚ್ಚಿಗೆ ಪುಟ್ಟಸ್ವಾಮಣ್ಣನ ಛತ್ರದ್ದೇ. ಹನ್ನೊಂದು. ಅವನು ಯಾರು ಅಂತ ಜ್ಞಾಪಕ ಅದೆಯಾ? ನಿನ್ನ ಸ್ಕೂಲಿನ ಸಮಿತಿ ಅಧ್ಯಕ್ಷ. ಜೂನ್ ತಿಂಗಳಲ್ಲಿ ನಿನ್ನ ಹೆಸರು ಬರೆಯೋನೂ ಅವನೇ, ಅಳಿಸೋನೂ ಅವನೇ."

"ಗೊತ್ತು."

"ಗೊತ್ತಿದ್ದೂ?"

"ಆ ಕೊಪ್ಪರಿಗೇಲಿ ಹುಳಿ ಕುದೀತದೆ ರೀ. ಹುಣಸೆ, ಟೊಮೊಟೊ, ನಿಂಬೆಹಣ್ಣು. ಹುಳಿಗೆ ಸೀಸ ಬಿಡ್ತದೆ. ಹೊಟ್ಟೆಗೆ ಹೋದ್ರೆ ಸುಲಭಕ್ಕೆ ಆಚೆ ಬರಲ್ಲ, ಮೂಳೇಲಿ ಕೂತ್ಕೊಳ್ತದೆ. ಮಕ್ಕಳ ತಲೆಗೇ ಮೊದಲು ಪೆಟ್ಟು. ಹೋದ ತಿಂಗಳು ಮೇಘನ ಅಲ್ಲೇ ಮದುವೇಲಿ ಎರಡು ಸಲ ಸಾರು ಹಾಕಿಸ್ಕೊಂಡು ಉಂಡ್ಲು."

ಯೋಗೇಶ್ ಬಕೆಟ್ಟಿನಿಂದ ಒಂದು ಟವೆಲ್ಲು ತೆಗೆದು ಹಿಂಡಿದ. ಆಗಲೇ ಹಿಂಡಿದ್ದ ಬಟ್ಟೆ.

"ಒಂದ್ ಕೆಲ್ಸ ಮಾಡು. ಒಳ್ಳೆ ತವರ ತರಾನ. ಪಾತ್ರೆಗಳು ಯಾವಾಗ ಬತ್ತವೋ ಆಗ ಸುಮ್ನೆ ಹಚ್ಚಿಕೊಡಾನ. ಯಾರ್ಗೂ ಗೊತ್ತಾಗಲ್ಲ."

"ಯಾವಾಗ ಬರ್ತವೆ?"

"ಕಲಾಯಿ ಸವೆದಾಗ. ವರ್ಸಕ್ಕೊಂದ್ಸಲ."

"ವರ್ಷ ಪೂರ್ತಿ ಮದುವೆಗಳು ನಡೀತವಲ್ಲ?"

ಅವನು ಟವೆಲ್ಲನ್ನು ತಂತಿಯ ಮೇಲೆ ಹಾಕಿದ. ಆದರೆ ಮಾತು ಬಿಡಲಿಲ್ಲ. "ಸರಿ, ಆ ಬೆರಕೆ ಕಡ್ಡೀನಾದ್ರೂ ಪ್ರದರ್ಶನಕ್ಕೆ ಇಡಬೇಡ. ಇಟ್ರೂ ಎಲ್ಲಿಂದ ಬಂತು ಅನ್ನೋ ಸಾಲು ಖಾಲಿ ಬುಡು. ಇಡೀ ಊರು ಬಂದು ಓದ್ತದೆ."

"ಖಾಲಿ ಬುಟ್ರೆ ಮಾರ್ಕ್ಸಿಲ್ಲ ಅಂತ ಅವ್ವಾನೇ ಹೇಳವ್ಳೆ," ಎಂದು ಮೇಘನ ಒಳಗಿನಿಂದ ಕೂಗಿದಳು.

"ನೀನು ಸುಮ್ನೆ ಓದ್ಕಳೇ!"

"ಅದ್ನೇ ಓದ್ತಿರೋದು!"

ಆ ವಾರ ಕುಲುಮೆ ಹೊತ್ತಲಿಲ್ಲ. ಭಾನುವಾರ ಬೆಳಿಗ್ಗೆ ಕಾಳಪ್ಪ ಬಿಳಿ ಅಂಗಿ ಹಾಕಿಕೊಂಡು ಯಾರಿಗೂ ಹೇಳದೆ ಬಸ್ಸು ಹತ್ತಿದ. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿ ನಾಗಮಂಗಲಕ್ಕೆ ಹೋದ. ಅಲ್ಲಿ ವಿಗ್ರಹ ಎರಕ ಹೊಯ್ಯುವ ಮುದ್ದಯ್ಯ ಅವನ ಹಳೆಯ ಸ್ನೇಹಿತ. ಎರಕದವರು ತವರವನ್ನು ನೋಡಿಯೇ ತರುತ್ತಾರೆ. ಬೆರಕೆಯಾದರೆ ವಿಗ್ರಹ ಕೈಕೊಡುತ್ತದೆ.

ಮಧ್ಯಾಹ್ನ ಮೂರಕ್ಕೆ ವಾಪಸ್ಸು ಬಂದವನೇ ಕುಲುಮೆಯ ಮುಂದೆ ಕುಳಿತ. ಜೇಬಿನಿಂದ ಮುದ್ದಯ್ಯ ಕೊಟ್ಟ ಕಡ್ಡಿ ತೆಗೆದು ಕಿವಿಯ ಹತ್ತಿರ ಬಗ್ಗಿಸಿದ. ಆಮೇಲೆ ಡಬ್ಬಿಯ ಹಳೆಯ ಕಡ್ಡಿ ತೆಗೆದು ಅದನ್ನೂ ಬಗ್ಗಿಸಿದ. ಮತ್ತೆ ಮೊದಲನೆಯದು. ಎಡಗಿವಿಗೂ ಹಿಡಿದು ನೋಡಿದ.

"ಮೇಘನ," ಎಂದು ಕರೆದ.

ಅವಳು ಹೊಸ್ತಿಲಾಚೆ ನಿಂತಳು.

"ಒಳಿಕ್ ಬಾ."

"ಒಳಿಕ್ಕಾ?"

"ಬಾ ಅಂದ್ರೆ ಬಾ. ಕೂತ್ಕೊ. ಕೈ ನೀಡು."

ಮೊದಲು ಹಳೆಯ ಕಡ್ಡಿಯನ್ನು ಅವಳ ಅಂಗೈಯಲ್ಲಿಟ್ಟ. "ಬಗ್ಗಿಸು." ಬಗ್ಗಿಸಿದಳು. ಅವನು ಕಡ್ಡಿಯನ್ನು ನೋಡಲಿಲ್ಲ, ಅವಳ ಮುಖ ನೋಡಿದ. ಮುಖದಲ್ಲಿ ಏನೂ ಇರಲಿಲ್ಲ.

"ಈಗ ಇದ."

ಹೊಸ ಕಡ್ಡಿ ಬಾಗುತ್ತಲೇ ಮೇಘನ ಬೆಚ್ಚಿ ಕೈ ಸಡಿಲ ಬಿಟ್ಟಳು. ಹುಬ್ಬು ಮೇಲಕ್ಕೇರಿತು, ಬಾಯಿ ತೆರೆದುಕೊಂಡಿತು. "ತಾತ! ಇದು... ಅವ್ವ, ಬಾ ಇಲ್ಲಿ! ಹಲ್ಲು ಕಡಿದಂಗೇ ಅಂತದೆ!"

ಅಡುಗೆಮನೆಯಿಂದ ವೀಣ ಓಡಿ ಬಂದಳು, ಅವಳ ಹಿಂದೆ ದೊಡ್ಡತಾಯಮ್ಮ. ಮೇಘನ ಕಡ್ಡಿಯನ್ನು ಅಜ್ಜಿಯ ಕೈಗೇ ಕೊಟ್ಟಳು. ದೊಡ್ಡತಾಯಮ್ಮ ಗಂಡನ ಕಡೆ ಒಮ್ಮೆ ನೋಡಿದಳು, ಕೇಳುವುದಕ್ಕಲ್ಲ. ಬಗ್ಗಿಸಿದಳು. ನಕ್ಕಳು. ನಕ್ಕದ್ದಕ್ಕೆ ನಾಚಿ ಕಡ್ಡಿಯನ್ನು ಕೆಳಗಿಟ್ಟಳು.

"ಎರಡೂ ನಂಗೆ ಒಂದೇ," ಎಂದ ಕಾಳಪ್ಪ. "ಎರಡೂ ಸುಮ್ನವೆ."

ಅವನು ಎದ್ದು ಕೈಕಾಲು ತೊಳೆದು ಒಳಗೆ ಹೋಗಿ ತಟ್ಟೆ ಹಾಕಿಕೊಂಡು ಕುಳಿತ. "ಸಾರು ಬಡ್ಸು. ಯಾವ ಪಾತ್ರೇದಾದ್ರೂ ಬಡ್ಸು, ನಾಲ್ಗೆ ಸತ್ತೋಗದೆ." ಅರ್ಧ ಊಟವಾದ ಮೇಲೆ ಮೊಮ್ಮಗಳಿಗೆ ಹೇಳಿದ. "ಎಲ್ಲಿಂದ ಬಂತು ಅನ್ನೋ ಸಾಲು ಖಾಲಿ ಬುಡ್ಬೇಡ."

ಯೋಗೇಶ್ ಬಾಗಿಲಲ್ಲೇ ನಿಂತಿದ್ದ. "ಅಪ್ಪ, ಇದು ಬರೀ ನಿನ್ನ ಹೆಸರಲ್ಲ. ನನ್ನ ಅನ್ನಾನೂ ಹೌದು. ಇನ್ನು ಇಪ್ಪತ್ತು ವರ್ಸ ಈ ಬೆಂಕಿ ಮುಂದೆ ಕೂರ್ಬೇಕಾದೋನು ನಾನು."

"ಅದ್ಕೇ ಹೇಳ್ತಿರಾದು," ಎಂದ ಕಾಳಪ್ಪ.

ಶನಿವಾರ ಶಾಲೆಯ ವಸ್ತುಪ್ರದರ್ಶನ. ಉದ್ದನೆಯ ಗೋಡೆಯ ಮೇಲೆ ನೂರ ಹದಿನೆಂಟು ಚೌಕಗಳು. ಮೊಳೆಯ ಕಬ್ಬಿಣ, ಪೆನ್ಸಿಲಿನ ಇಂಗಾಲ, ಅಂಗಡಿಯ ಗಂಧಕ, ಒಡೆದ ಥರ್ಮಾಮೀಟರಿನ ಚಿತ್ರದ ಕೆಳಗೆ ಪಾದರಸ. ಐವತ್ತರಲ್ಲಿ ಮುದ್ದಯ್ಯನ ತವರ, ಎಂಬತ್ತೆರಡರಲ್ಲಿ ಸೀಸ. ಗೋಡೆಯ ಹೊರಗೆ, 'ಚೌಕ ಇಲ್ಲದವು' ಎಂದು ಬರೆದ ಒಂದು ಮೇಜು. ಅದರ ಮೇಲೆ ಗಾಳಿಯ ಬಾಟಲಿ, ಹಿತ್ತಾಳೆಯ ಗಂಟೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಕಡ್ಡಿ. ಕಡ್ಡಿಯ ಕೆಳಗೆ ಮೇಘನಳ ದುಂಡು ಅಕ್ಷರ: 'ತವರ ಮತ್ತು ಸೀಸದ ಬೆರಕೆ. ಪರೀಕ್ಷೆ: ಬಗ್ಗಿಸಿದರೆ ಅಳುವುದಿಲ್ಲ, ಕಾಗದದ ಮೇಲೆ ಗೆರೆ ಬರೆಯುತ್ತದೆ, ನೀರಿನ ಲೆಕ್ಕ ಹೊಂದುವುದಿಲ್ಲ. ಅಡುಗೆ ಪಾತ್ರೆಗೆ ಬಳಸಬಾರದು. ಎಲ್ಲಿಂದ ಬಂತು: ನಮ್ಮ ಮನೆಯ ಕುಲುಮೆಯಿಂದ.'

ಪುಟ್ಟಸ್ವಾಮಿ ಹೆಡ್‌ಮಾಸ್ಟರ ಜೊತೆ ಒಂದೊಂದೇ ಚೌಕ ನೋಡುತ್ತ, ಮಕ್ಕಳ ಬೆನ್ನು ತಟ್ಟುತ್ತ ಬಂದ. ಮೇಜಿನ ಮುಂದೆ ನಿಂತ. ಓದಿದ. ಇನ್ನೊಂದು ಸಲ ಓದಿದ.

"ಏನ್ ಮೇಡಂ ಇದು?"

"ಓದಿದ್ರಲ್ಲ ಸಾರ್, ಅದೇ," ಎಂದಳು ವೀಣ. "ನಾಳೇನೇ ನಿಮ್ಮ ಹತ್ರ ಬರೋಣ ಅಂತಿದ್ವಿ."

"ನಮ್ಮ ಛತ್ರದ ಪಾತ್ರೆಗಳಿಗೂ ಇದೇಯಾ?"

ಅವಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಕಾಳಪ್ಪನ ದನಿ ಬಂತು. ಕಿವಿ ಮಂದವಾದವರ ದನಿ, ಅಳತೆಗಿಂತ ಜೋರು. ಇಡೀ ಕೋಣೆ ತಿರುಗಿತು.

"ಇದೇಯಪ್ಪ. ಹನ್ನೊಂದಕ್ಕೂ ನಾನೇ ಹಚ್ಚಿದ್ದು. ನನ್ನ ಕಿವಿ ಹೋಗದೆ, ನಂಗೆ ಗೊತ್ತಾಗಲಿಲ್ಲ. ಎಲ್ಲಾ ಕಳ್ಸು. ಕೆರೆದು, ಒಳ್ಳೆ ತವರ ಹಚ್ಚಿ ಕೊಡ್ತೀನಿ. ಕಾಸು ಬೇಡ."

"ಮೆತ್ತಗೆ ಮಾತಾಡಿ ಆಚಾರ್ರೆ," ಪುಟ್ಟಸ್ವಾಮಿ ಸುತ್ತ ನೋಡಿದ. "ಗುರುವಾರ ಮದುವೆ ಅದೆ ಛತ್ರದಲ್ಲಿ. ಹೆಣ್ಣಿನ ಕಡೆಯೋರು ಇಲ್ಲೇ ಎಲ್ಲೋ ಅವ್ರೆ. ಇಷ್ಟು ದಿನ ಯಾರ್ಗೇನಾಯ್ತು? ಮೇಡಂ, ಆ ಚೀಟಿ ತಗೀರಿ."

"ತೆಗೆಯೋಕಾಗಲ್ಲ ಸಾರ್."

"ನಾನು ಹೇಳ್ತಾ ಇದ್ದೀನಿ."

"ಮಕ್ಕಳು ಪರೀಕ್ಷೆ ಮಾಡಿ ಬರೆದದ್ದು. ತಪ್ಪಿದ್ರೆ ತೋರಿಸಿ, ಈಗಲೇ ತೆಗೀತೀನಿ. ಜಾಡಿ ಇಲ್ಲೇ ಇದೆ, ತಕ್ಕಡೀನೂ ಇದೆ."

"ಜೂನ್ ತಿಂಗಳು ದೂರ ಇಲ್ಲ, ಮೇಡಂ."

"ಹೌದು ಸಾರ್. ಕ್ಯಾಲೆಂಡರು ನಮ್ಮನೇಲೂ ಅದೆ."

ಹೆಡ್‌ಮಾಸ್ಟರು ಕೆಮ್ಮಿದರು. ಮೇಘನ ಮೇಜಿನ ಮುಂದೆ ಬಂದು ಚೀಟಿಗೆ ಅಡ್ಡವಾಗದಂತೆ, ಆದರೆ ಯಾರೂ ಕೈ ಹಾಕಲಾಗದಂತೆ ನಿಂತಳು.

ಪುಟ್ಟಸ್ವಾಮಿ ಹೊರಗೆ ಬಂದು ಯೋಗೇಶನ ಹೆಗಲ ಮೇಲೆ ಕೈ ಹಾಕಿ ಧ್ವಜಸ್ತಂಭದ ಕಟ್ಟೆಯ ಕಡೆಗೆ ಕರೆದುಕೊಂಡು ಹೋದ.

"ಯೋಗಿ, ನೀನು ಬುದ್ಧಿವಂತ. ಒಂದೇ ಒಂದ್ ಮಾತು ಹೇಳ್ಬುಡು ಸಾಕು. ನಿಮ್ಮಪ್ಪಂಗೆ ವಯಸ್ಸಾಯ್ತು, ಕಿವೀನೂ ಇಲ್ಲ, ತಲೇನೂ ಸರಿಯಿಲ್ಲ, ಏನೇನೋ ಬಡಬಡಿಸ್ತದೆ ಅಂತ. ಸೋಮವಾರ ಅಡುಗೆಯೋರು ಬತ್ತಾರೆ, ಅವರ ಮುಂದೆ ಹೇಳು. ಊರಿಗೆಲ್ಲ ಅವರೇ ಹೇಳ್ಕತಾರೆ. ನಿನ್ನ ಕೆಲ್ಸಾನೂ ನಿಲ್ಲಲ್ಲ, ನಿನ್ನ ಹೆಂಡ್ತೀದೂ ನಿಲ್ಲಲ್ಲ."

ಯೋಗೇಶ್ ಹೆಗಲ ಮೇಲಿನ ಆ ಕೈಯನ್ನು ಸರಿಸಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಮನೆಯಲ್ಲಿ ಅವನೇ ಅದನ್ನು ಬಾಯಿಬಿಟ್ಟ. ದೊಡ್ಡತಾಯಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನೀನೇನಂದೆ?"

"ಏನೂ ಅನ್ಲಿಲ್ಲ."

"ಮೂವತ್ತೊಂಬತ್ತು ಐಕ್ಳ ಮುಂದೆ ನಿಮ್ಮಪ್ಪ ನನ್ನ ಕಿವಿ ಹೋಗದೆ ಅಂದ್ರು. ಆ ಮಾತು ನನ್ನ ಹತ್ರ ಹೇಳಾಕೇ ಎರಡು ವರ್ಸ ಆಗ್ಲಿಲ್ಲ ಅವರ್ಗೆ." ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. "ಈಗ ನೀನು ತಲೇನೂ ಹೋಗದೆ ಅಂತ ಸೇರಿಸ್ಬೇಕಾ? ಸೇರ್ಸು. ನಿನ್ನಿಷ್ಟ."

ಭಾನುವಾರ ಯೋಗೇಶ್ ಇಡೀ ದಿನ ಕುಲುಮೆಯಲ್ಲಿ ಕಳೆದ. ಬೂದಿ ಎತ್ತಿದ, ಇದ್ದಿಲು ಜರಡಿ ಹಿಡಿದ, ಡಬ್ಬಿಯ ಹಳೆಯ ಕಡ್ಡಿಗಳನ್ನೆಲ್ಲ ಒಂದು ಚೀಲಕ್ಕೆ ಸುರಿದು ಬಾಯಿ ಕಟ್ಟಿದ. ಊಟಕ್ಕೆ ಕರೆದಾಗ ಬಂದ, ಉಂಡ, ಹೋದ. ವೀಣ ಏನೂ ಕೇಳಲಿಲ್ಲ. ಕೇಳಿದರೆ ತಾನು ಒಪ್ಪಿಸಿದಂತಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವನು ಬಾಡಿಗೆ ಗೂಡ್ಸ್ ಆಟೊ ತಂದು ಮನೆಯ ಮುಂದೆ ನಿಲ್ಲಿಸಿದ. ಕಾಳಪ್ಪ ಕೇಳದೆಯೇ ಮುಂದಿನ ಸೀಟಿನಲ್ಲಿ ಕುಳಿತ.

ಛತ್ರದ ಹಿತ್ತಲಲ್ಲಿ ಅಡುಗೆಯವರು ಆರು ಜನ ಈರುಳ್ಳಿ ಮೂಟೆ ಬಿಚ್ಚುತ್ತಿದ್ದರು. ಪುಟ್ಟಸ್ವಾಮಿ ಕುರ್ಚಿಯಿಂದ ಎದ್ದ.

"ಬಂದ್ಯಾ? ಒಳ್ಳೇದಾಯ್ತು. ಎಲ್ಲಾ ಇಲ್ಲೇ ಅವ್ರೆ. ಹೇಳ್ಬುಡು."

ಯೋಗೇಶ್ ಅಡುಗೆಯವರ ಕಡೆ ತಿರುಗಿದ. ಆಟೊದಲ್ಲಿ ಕುಳಿತ ಅಪ್ಪನಿಗೂ ಕೇಳಿಸಬೇಕೆಂಬಂತೆ ದನಿ ಎತ್ತಿದ.

"ನಮ್ಮಪ್ಪ ಶನಿವಾರ ಸ್ಕೂಲಲ್ಲಿ ಹೇಳಿದ್ದು ನಿಜ. ಈ ಪಾತ್ರೆಗಳ ಕಲಾಯೀಲಿ ಸೀಸ ಸೇರದೆ. ಆ ಕಡ್ಡಿ ತಂದೋನು ನಾನು. ಬೇಗ ಕರಗ್ತದೆ, ಸಸ್ತಾ ಸಿಗ್ತದೆ ಅಂತ ಖುಷಿಪಟ್ಟೋನೂ ನಾನೇಯ. ಬುಧವಾರ ಸಂಜೆಗೆ ಹನ್ನೊಂದೂ ಹೊಸ ಕಲಾಯಿ ಹಾಕಿ ತಂದಿಡ್ತೀನಿ. ಅಲ್ಲೀಗಂಟ ಇವುಗಳಲ್ಲಿ ನೀರೂ ಕಾಯಿಸ್ಬೇಡಿ."

ಅಡುಗೆಯವರಲ್ಲಿ ಹಿರಿಯಳೊಬ್ಬಳು ಈರುಳ್ಳಿ ಕೆಳಗಿಟ್ಟಳು. "ನಮ್ಮೈಕ್ಳೂ ಇಲ್ಲೇ ಉಣ್ತವಲ್ಲಪ್ಪ, ತಳ ಕೆರ್ಕಂಡು."

"ಅದ್ಕೇ ಕಣವ್ವ."

"ಲೇ ಯೋಗಿ!" ಪುಟ್ಟಸ್ವಾಮಿಯ ಮುಖ ಕೆಂಪಾಗಿತ್ತು. "ಬುಧವಾರಕ್ಕೆ ಬರ್ದೆ ಇದ್ರೆ ಮದುವೆ ಊಟಾನ ಯಾತರಲ್ಲಿ ಬೇಯಿಸ್ಲಿ? ನಿನ್ನ ತಲೇಲಾ? ಇನ್ಮೇಲೆ ನಿಮ್ಮನೆ ಬಾಗಿಲಿಗೆ ಒಂದು ಲೋಟಾನೂ ಕಳ್ಸಾಕಿಲ್ಲ, ತಿಳ್ಕೊ. ನಿನ್ನ ಹೆಂಡ್ತಿ ಹೆಸರೂ ಅಷ್ಟೆ."

"ಕಳ್ಸ್ಬೇಡಿ. ಅವಳ ಹೆಸರು ಅಳಿಸ್ಬೇಕಾದ್ರೆ ಅಳ್ಸಿ, ಅವಳು ಅದಕ್ಕೆ ಎದ್ರಾಕಿಲ್ಲ. ಈ ಹನ್ನೊಂದನ್ನ ಮಾತ್ರ ಬಿಟ್ಟು ಹೋಗಲ್ಲ ನಾನು."

ಅವನು ಒಬ್ಬನೇ ಹತ್ತು ಪಾತ್ರೆಗಳನ್ನು ಉರುಳಿಸಿಕೊಂಡು, ಎಳೆದುಕೊಂಡು ಆಟೊಗೆ ಏರಿಸಿದ. ಪುಟ್ಟಸ್ವಾಮಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತ. ತಡೆಯಲೂ ಇಲ್ಲ, ದಾರಿ ಬಿಡಲೂ ಇಲ್ಲ. ಕೊನೆಗೆ ಉಳಿದದ್ದು ಸಾವಿರ ಜನಕ್ಕೆ ಸಾರು ಮಾಡುವ ಕೊಪ್ಪರಿಗೆ. ಯೋಗೇಶ್ ಅದರ ಒಂದು ಕಿವಿಯ ಬಳೆ ಹಿಡಿದು ಎತ್ತಿ ನೋಡಿದ. ಒಂದು ಕಡೆ ಮಾತ್ರ ಎದ್ದಿತು. ಆಟೊದಿಂದ ಕಾಳಪ್ಪ ಇಳಿಯಲು ಹೊರಟ. ಯೋಗೇಶ್ ಕೈ ಅಡ್ಡ ಮಾಡಿ ತಡೆದ.

"ಪುಟ್ಟಸ್ವಾಮಣ್ಣ, ನಿಂತು ನೋಡಿದ್ರೆ ಇದು ಏರಾಕಿಲ್ಲ," ಎಂದ. "ಆ ಕಡೆ ಬಳೆಗೆ ಕೈ ಹಾಕಿ. ಭಾರ ಅದೆ, ಸೊಂಟ ಜ್ವಾಕೆ."

ಈರುಳ್ಳಿ ಸುಲಿಯುವವರು ಕೈ ನಿಲ್ಲಿಸಿ ಕಾದರು. ಪುಟ್ಟಸ್ವಾಮಿ ಅವರನ್ನು ನೋಡಿದ, ಕೊಪ್ಪರಿಗೆಯನ್ನು ನೋಡಿದ. ಬೈಯುತ್ತಲೇ ಪಂಚೆ ಎತ್ತಿ ಕಟ್ಟಿ, ಬಗ್ಗಿದ.